ಲಗ್ನಪತ್ರಿಕೆಯ ಹಿಂಬದಿಯಲ್ಲಿ ಮೈಕೆಲ್ಯಾಂಜೆಲೊ

ಅಮೆರಿಕದ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ನೀವು ಅಕೌಂಟಿಂಗ್ ಓದಿ, ಕಂಪ್ಯೂಟರ್ ಓದಿ, ಡಿಗ್ರಿ ಕೈಗೆ ಬರಬೇಕಾದರೆ ಜೊತೆಗೆ ಒಂದಿಷ್ಟು ಸಾಹಿತ್ಯ, ಕಲೆ, ಇತಿಹಾಸ, ವಿಜ್ಞಾನವನ್ನೂ ಮುಗಿಸಿರಬೇಕು. ನಾನು ಓದುತ್ತಿರುವುದು ಅಕೌಂಟಿಂಗ್. ಹಾಸನದಲ್ಲಿ ಬಿ.ಕಾಂ. ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಟೆಕ್ಸಾಸ್‌ಗೆ ಹೋದವಳು. ಅಲ್ಲಿ ಮತ್ತೆ ಕಾಲೇಜು ಸೇರಿದೆ. ಲೆಕ್ಕದ ಪೇಪರುಗಳೆಲ್ಲ ಸಲೀಸಾಗಿ ಹೋದವು. ಹ್ಯುಮ್ಯಾನಿಟೀಸ್‌ನ (ಅಂದರೆ ಸಾಹಿತ್ಯ, ಕಲೆಯ) ಮೂರು ಕ್ರೆಡಿಟ್, ಡಿಗ್ರಿಗೆ ಲೆಕ್ಕವಾಗುವ ಘಟಕಗಳು, ಮಾತ್ರ ಬಾಕಿ ಉಳಿಯಿತು.

ಕ್ಲಾಸಿಗೆ ಕೂತರೆ ಇಡೀ ಒಂದು ಸೆಮಿಸ್ಟರ್, ಸಾವಿರಕ್ಕೂ ಜಾಸ್ತಿ ಡಾಲರ್. ಇದಕ್ಕೆ ಇನ್ನೊಂದು ದಾರಿ ಕ್ಲೆಪ್ ಪರೀಕ್ಷೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಿಂದ ನಡೆಸುತ್ತಿದೆ. ಎಲ್ಲಿ ಓದಿದಿರಿ, ಹೇಗೆ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆ ಪಾಸಾದರೆ ಕ್ರೆಡಿಟ್ ಕೊಡುತ್ತಾರೆ. ನಾನು ಕಟ್ಟಿದಾಗ ಫೀಸು ನೂರು ಡಾಲರ್‌ಗಿಂತ ಸ್ವಲ್ಪ ಕಮ್ಮಿ, ಪರೀಕ್ಷಾ ಕೇಂದ್ರದವರದು ಬೇರೆ. ಆದರೆ ಎಲ್ಲ ಕಾಲೇಜೂ ಒಪ್ಪುವುದಿಲ್ಲ, ಒಪ್ಪಿದವರೂ ತಮ್ಮದೇ ನಿಯಮ ಇಟ್ಟುಕೊಂಡಿರುತ್ತಾರೆ. ಅದಕ್ಕೇ ಪುಸ್ತಕ ತೆಗೆಯುವ ಮೊದಲು ಅಡ್ವೈಸರ್‌ಗೆ ಒಂದು ಇಮೇಲ್ ಹಾಕಿ, ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಂಡೆ.

ತಮ್ಮನ ಮದುವೆಗೆಂದು ಊರಿಗೆ ಬಂದವಳು ಮಳೆಗಾಲ ಮುಗಿಯುವವರೆಗೂ ಉಳಿದೆ. ಓದಿದ್ದು ಪೂರ್ತಿ ಇಲ್ಲೇ, ವಿದ್ಯಾನಗರದ ನಮ್ಮ ಮನೆಯಲ್ಲಿ.

ನಾನು ಬರೆದದ್ದು ಕ್ಲೆಪ್‌ನ ಹ್ಯುಮ್ಯಾನಿಟೀಸ್ ಪರೀಕ್ಷೆ. ಅದರ ಸ್ವರೂಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತೊಂಬತ್ತು ನಿಮಿಷ, ಸುಮಾರು 140 ಪ್ರಶ್ನೆ, ಎಲ್ಲವೂ ಆಯ್ಕೆ ಮಾಡಿ ಉತ್ತರಿಸುವಂಥವು. ಒಂದು ಪ್ರಶ್ನೆಗೆ ನಲವತ್ತು ಸೆಕೆಂಡೂ ಸಿಗುವುದಿಲ್ಲ. ಅರ್ಧ ಸಾಹಿತ್ಯ, ಅರ್ಧ ಕಲೆ. ಸಾಹಿತ್ಯದಲ್ಲಿ ನಾಟಕ, ಕವಿತೆ, ಕಥೆ-ಕಾದಂಬರಿ, ತತ್ವಶಾಸ್ತ್ರ. ಕಲೆಯಲ್ಲಿ ಚಿತ್ರ ಮತ್ತು ಶಿಲ್ಪ ನೂರಕ್ಕೆ 20, ಸಂಗೀತ 15, ಸಿನಿಮಾ ಮತ್ತು ನೃತ್ಯ 10, ವಾಸ್ತುಶಿಲ್ಪ 5. ಗ್ರೀಕರ ಕಾಲದಿಂದ ಈಚಿನವರೆಗೆ ಎಲ್ಲವೂ ಬರುತ್ತದೆ. ನೋಡಿದರೆ ತಲೆ ತಿರುಗುತ್ತದೆ.

ಆದರೆ ಕಾಲೇಜ್ ಬೋರ್ಡ್‌ನವರೇ ಇನ್ನೊಂದು ಲೆಕ್ಕವನ್ನೂ ಕೊಟ್ಟಿದ್ದಾರೆ. ಬಹಳ ಜನ ಅದನ್ನು ಗಮನಿಸುವುದಿಲ್ಲ. ಪ್ರಶ್ನೆಗಳಲ್ಲಿ ಅರ್ಧ, ಸುಮ್ನೆ ಗೊತ್ತಿರಬೇಕಾದ ಸಂಗತಿಗಳು: ಯಾರು ಬರೆದರು, ಯಾರು ಕೆತ್ತಿದರು, ಯಾವ ಕಾಲ. ನೂರಕ್ಕೆ ಮೂವತ್ತು, ಶೈಲಿ ಗುರುತಿಸುವುದು: ಇದು ಯಾವ ಪ್ರಾಸ, ಇದು ಯಾವ ಪಂಥ, ಇದನ್ನು ಯಾವುದರಲ್ಲಿ ಮಾಡಿದ್ದಾರೆ. ಉಳಿದ ಇಪ್ಪತ್ತು, ನೀವು ಹಿಂದೆ ನೋಡಿರಲಿಕ್ಕಿಲ್ಲದ ಒಂದು ಚಿತ್ರವನ್ನೋ ಒಂದು ಕವಿತೆಯ ತುಂಡನ್ನೋ ಕೊಟ್ಟು ಅರ್ಥ ಕೇಳುವುದು. ನಾನು ಓದಿನ ಯೋಜನೆ ಹಾಕಿದ್ದು ಈ ಲೆಕ್ಕದ ಮೇಲೆ. ಪ್ರಶ್ನೆ-ಉತ್ತರ ಬರೆದುಕೊಂಡು ನೆನಪು ಮಾಡುವ ಸಣ್ಣ ಕಾರ್ಡುಗಳಿಂದ (ಫ್ಲ್ಯಾಶ್‌ಕಾರ್ಡ್) ದಕ್ಕುವುದು ಮೊದಲ ಅರ್ಧ ಮಾತ್ರ. ಮಿಕ್ಕಿದ್ದಕ್ಕೆ ಬೇರೆ ಕಸರತ್ತು ಬೇಕು.

ಏನೂ ಓದದೆ ಮೊದಲು ಒಂದು ಮಾದರಿ ಪರೀಕ್ಷೆ ಬರೆದೆ. ಬೇಕೆಂದೇ ಹಾಗೆ ಮಾಡಿದ್ದು. ಎಷ್ಟು ಬಂತು ಅನ್ನುವುದು ಮುಖ್ಯ ಅಲ್ಲ, ಎಲ್ಲಿ ಹೋಯಿತು ಅನ್ನುವುದು ಮುಖ್ಯ. ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿ ಮಾಡಿದೆ. ಗೊತ್ತೇ ಇರಲಿಲ್ಲ ಅನ್ನುವುದು ಒಂದು. ಗೊತ್ತಿತ್ತು, ಆದರೆ ಎರಡರ ನಡುವೆ ಕಲಸಿಹೋಯಿತು ಅನ್ನುವುದು ಇನ್ನೊಂದು. ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ ಅನ್ನುವುದು ಮೂರನೆಯದು. ಸಂಗೀತ ಪೂರ್ತಿ ಮೊದಲ ಪಟ್ಟಿಗೆ ಹೋಯಿತು. ಫ್ರೆಂಚ್ ಚಿತ್ರಕಾರರಾದ ಮಾನೆ, ಮೊನೆ ಇಬ್ಬರೂ ಎರಡನೆಯದಕ್ಕೆ ಹೋದರು. ಒಂದೇ ಕಾಲದವರು, ಒಂದೇ ಊರಲ್ಲಿ ಓಡಾಡಿದವರು, ಹೆಸರಲ್ಲಿ ಒಂದಕ್ಷರದ ವ್ಯತ್ಯಾಸ!

ಮೊದಲ ಎರಡು ಪಟ್ಟಿಯಲ್ಲಿದ್ದದ್ದು ಮಾತ್ರ ಕಾರ್ಡಿಗೆ ಹೋಗಬೇಕು ಎಂದು ನಿಯಮ ಮಾಡಿಕೊಂಡೆ. ಮೊದಲೇ ಗೊತ್ತಿದ್ದದ್ದಕ್ಕೆ ಕಾರ್ಡು ಬರೆಯುವುದು ಸಮಯ ಹಾಳು. ರೆಡಿಮೇಡ್ ಕಾರ್ಡುಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ, ಕ್ವಿಜ್ಲೆಟ್, ಆಂಕಿ (Anki) ಎಂಬ ಆ್ಯಪುಗಳಿವೆ. ಬೇರೆಯವರು ಮಾಡಿದ ಕಾರ್ಡಿನಲ್ಲಿ ಅವರ ಗೊಂದಲ ಇರುತ್ತದೆ, ನನ್ನದಲ್ಲ. ಕೈಯಲ್ಲಿ ಬರೆಯುವಾಗಲೇ ಅರ್ಧ ಕಲಿತಿರುತ್ತೇವೆ. ಮಳೆಗಾಲದಲ್ಲಿ ಕರೆಂಟು ಹೋದರೂ ಕಾಗದದ ಕಾರ್ಡಿಗೆ ತೊಂದರೆ ಇಲ್ಲ.

ಮನೆಯಲ್ಲಿ ತಮ್ಮನ ಲಗ್ನಪತ್ರಿಕೆ ಕಟ್ಟುಗಟ್ಟಲೆ ಮಿಕ್ಕಿತ್ತು. ದಪ್ಪ ಕಾಗದ, ಹಿಂದೆ ಪೂರ್ತಿ ಖಾಲಿ. ಒಂದು ಪತ್ರಿಕೆಗೆ ನಾಲ್ಕು ಕಾರ್ಡು. ಕತ್ತರಿ ಹಿಡಿದು ಕೂತದ್ದನ್ನು ಅಮ್ಮ ನೋಡಿದರು.

‘ಏನೇ ಇದು, ಮದುವೆ ಆಗಿ ತಿಂಗಳಾಗಿಲ್ಲ, ಲಗ್ನಪತ್ರಿಕೆನೇ ಕತ್ತರಿಸ್ತಿದೀಯಲ್ಲ!’

‘ಮಿಕ್ಕಿದ್ದಲ್ವಾ ಅಮ್ಮಾ, ರದ್ದಿಗೆ ಹಾಕೋ ಬದಲು.’

‘ಗಣಪತಿ ಇರೋ ಭಾಗಕ್ಕೆ ಕತ್ತರಿ ಹಾಕ್ಬೇಡ ಮತ್ತೆ.’

ಗಣಪತಿಯ ಭಾಗಗಳನ್ನೆಲ್ಲ ಹಾಗೇ ಉಳಿಸಿ ದೇವರ ಮನೆಯ ಗೂಡಿನಲ್ಲಿ ಇಟ್ಟೆ. ವಧು-ವರರ ಹೆಸರಿನ ಹಿಂದೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಬಂದು ಕೂತ. ‘ತಮ್ಮ ಆಗಮನಾಭಿಲಾಷಿಗಳು’ ಅನ್ನುವುದರ ಹಿಂದೆ ಬೀಥೋವನ್. ಅತ್ತಿಗೆ ಅನ್ನಲೋ ನಾದಿನಿ ಅನ್ನಲೋ, ಹೊಸದಾಗಿ ಬಂದ ಹುಡುಗಿ ಇದನ್ನು ನೋಡಿ ನಕ್ಕಳೇ ಹೊರತು ಬೇಜಾರು ಮಾಡಿಕೊಳ್ಳಲಿಲ್ಲ.

ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ. ‘ಬರೋಕ್ ಶೈಲಿಯ ಬಗ್ಗೆ ಬರೆಯಿರಿ’ ಅನ್ನುವಂಥ ಕಾರ್ಡು ಮಾಡಿದರೆ ಉತ್ತರ ಬಂತೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ. ‘ಬಾಖ್ ತೀರಿಕೊಂಡ ವರ್ಷ?’ 1750. ಅಲ್ಲಿಗೆ ಸಂಗೀತದ ಬರೋಕ್ ಕಾಲವೂ ಮುಗಿಯಿತು ಎಂದು ಲೆಕ್ಕ. ಇದು ಕಾರ್ಡು. ಕಲಸಿಹೋಗುವ ಜೋಡಿಗಳಿಗೆ ಬೇರೆ ಕಾರ್ಡು: ‘1874ರ ಪ್ರದರ್ಶನದಲ್ಲಿ ಸೂರ್ಯೋದಯದ ಚಿತ್ರ ಇಟ್ಟವನು ಇಬ್ಬರಲ್ಲಿ ಯಾರು?’ ಮೊನೆ. ಆ ಚಿತ್ರದ ಹೆಸರಿನಿಂದಲೇ ಆ ಚಿತ್ರಕಾರರ ಪಂಥಕ್ಕೆ ಇಂಪ್ರೆಷನಿಸಂ ಅನ್ನುವ ಹೆಸರು ಬಂತು. ಮಾನೆ ಆ ಗುಂಪಿನ ಪ್ರದರ್ಶನಗಳಿಗೆ ಸೇರಲೇ ಇಲ್ಲ. ಇಷ್ಟು ತಿಳಿದ ಮೇಲೆ ಇಬ್ಬರೂ ಬೇರೆಯಾದರು.

ಮದುವೆಯ ಸ್ವೀಟ್ ಡಬ್ಬಿಗಳು ಮೂರು ತೆಗೆದುಕೊಂಡೆ. ಮೊದಲನೆಯದರಲ್ಲಿ ದಿನಾ ನೋಡುವ ಕಾರ್ಡು, ಎರಡನೆಯದರಲ್ಲಿ ಎರಡು ದಿನಕ್ಕೊಮ್ಮೆ, ಮೂರನೆಯದರಲ್ಲಿ ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಡಬ್ಬಿಗೆ ಹೋಗುತ್ತದೆ. ತಪ್ಪಾದರೆ ಯಾವ ಡಬ್ಬಿಯಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಇದು ನನ್ನ ಉಪಾಯವಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1972ರಲ್ಲಿ ಹೇಳಿದ್ದು. ಫೋನಿನ ಆ್ಯಪುಗಳೂ ಹೆಚ್ಚುಕಮ್ಮಿ ಇದನ್ನೇ ಮಾಡುವುದು.

ಕಾರ್ಡು ಕೇಳುವ ಕೆಲಸ ಅಪ್ಪನದು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸಂಜೆ ಕಾಫಿ ಆದ ಮೇಲೆ ಕನ್ನಡಕ ಏರಿಸಿ ಡಬ್ಬಿ ತೆಗೆದು ಕೂರುತ್ತಿದ್ದರು. ಉತ್ತರ ಹೇಳಿದರೆ ಸಾಲದು, ಅಪ್ಪನಿಗೆ ಪೂರ್ತಿ ಕಥೆ ಬೇಕು. ಇದರಿಂದ ಓದು ನಿಧಾನವಾಯಿತು, ಆದರೆ ಗಟ್ಟಿಯಾಯಿತು.

ಒಂದು ದಿನ ಸೊಫೊಕ್ಲಿಸ್‌ನ ಕಾರ್ಡು ಬಂತು. ‘ಇವನ ನಾಟಕ ನಮಗೆ ಬಿ.ಎಂ.ಶ್ರೀ. ತಂದುಕೊಟ್ಟಿದ್ದಾರಲ್ಲ’ ಎಂದರು ಅಪ್ಪ. ‘ಅಶ್ವತ್ಥಾಮನ್’ ಬಂದದ್ದು ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕದಿಂದ. ಗ್ರೀಕ್ ವೀರನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮ. ಹಾಗೆಯೇ ‘ಪಾರಸಿಕರು’ ಈಸ್ಕಿಲಸ್‌ನದು. ಗ್ರೀಕ್ ದುರಂತ ನಾಟಕ ಬರೆದ ಮೂವರು ಪ್ರಮುಖರಲ್ಲಿ ಇಬ್ಬರು ಹೀಗೆ ಕೂತಲ್ಲೇ ತಲೆಗೆ ಹತ್ತಿದರು. ಮೂರನೆಯವನು ಯೂರಿಪಿಡೀಸ್. ಅವನೊಬ್ಬನಿಗೆ ಮಾತ್ರ ಕಾರ್ಡು ಉಳಿಯಿತು.

ಅಪ್ಪನ ಇನ್ನೊಂದು ಅಭ್ಯಾಸ, ಯಾವ ಇಸವಿ ಬಂದರೂ ಅದಕ್ಕೆ ನಮ್ಮ ಕಡೆಯವರನ್ನು ಜೋಡಿ ಮಾಡುವುದು. ಮೈಕೆಲ್ಯಾಂಜೆಲೊ ತೀರಿಕೊಂಡದ್ದು 1564. ‘ಪುರಂದರದಾಸರಿಗೂ ಅದೇ ಇಸವಿ ಹೇಳ್ತಾರೆ ಕಣೇ’ ಎಂದರು. ಶೇಕ್ಸ್‌ಪಿಯರ್ ಹುಟ್ಟಿದ್ದೂ ಅದೇ 1564. ಒಂದು ಇಸವಿಗೆ ಮೂರು ಜನ. ಬೀಥೋವನ್ 1770ರವನು, ತ್ಯಾಗರಾಜರು 1767. ಇಟಲಿಯ ಕವಿ ಡಾಂಟೆ ಹುಟ್ಟಿದ್ದು 1265, ಆಗ ಹಳೇಬೀಡಿನಲ್ಲಿ ಹೊಯ್ಸಳರೇ ಆಳುತ್ತಿದ್ದರು. ಮೊದಮೊದಲು ಇದು ಮೇಷ್ಟರ ಚಟ ಅಂದುಕೊಂಡಿದ್ದೆ. ಆಮೇಲೆ ನಾನೇ ಕಾರ್ಡಿನ ಮೂಲೆಯಲ್ಲಿ ಸಣ್ಣಗೆ ಜೋಡಿ ಬರೆಯತೊಡಗಿದೆ. ಒಂಟಿ ಇಸವಿ ಮರೆತುಹೋಗುತ್ತದೆ. ಪಕ್ಕದಲ್ಲಿ ಗೊತ್ತಿರುವವರು ಇದ್ದರೆ ಹೋಗುವುದಿಲ್ಲ.

ಕವಿತೆಯ ತಾಂತ್ರಿಕ ಭಾಗ ಕಾರ್ಡಿಗೆ ಬಗ್ಗಲಿಲ್ಲ. ಶೇಕ್ಸ್‌ಪಿಯರ್‌ನ ಸಾನೆಟ್ ಅಂದರೆ ಹದಿನಾಲ್ಕು ಸಾಲು, ನಾಲ್ಕು ಸಾಲಿನ ಮೂರು ಕಂತು, ಕೊನೆಗೆ ಎರಡು ಸಾಲಿನ ಜೋಡಿ. ಪೆಟ್ರಾರ್ಕ್‌ನದಾದರೆ ಎಂಟು ಸಾಲು, ಆಮೇಲೆ ಆರು. ಇದನ್ನು ಕಾರ್ಡಿನಲ್ಲಿ ಬರೆದು ಬಾಯಿಪಾಠ ಮಾಡಬಹುದು. ಆದರೆ ಪರೀಕ್ಷೆಯಲ್ಲಿ ಕೊಡುವುದು ಕವಿತೆಯನ್ನೇ, ವಿವರಣೆಯನ್ನಲ್ಲ. ಅದಕ್ಕೆ ಕವಿತೆಯನ್ನು ಪ್ರಿಂಟ್ ಮಾಡಿಸಿ ತಂದು, ಪ್ರತಿ ಸಾಲಿನ ಕೊನೆಗೆ ಅ, ಬ, ಕ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಅಪ್ಪನಿಗೆ ಇದು ಬಲು ಇಷ್ಟವಾಯಿತು. ಷಟ್ಪದಿಗೆ ಪ್ರಸ್ತಾರ ಹಾಕಿ ಬೆಳೆದವರಲ್ವಾ! ನಮ್ಮ ಹಳೆಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರಕ್ಕೆ, ಅವರದು ಸಾಲಿನ ತುದಿಗೆ. ನಮ್ಮಲ್ಲಿ ಲಘು-ಗುರು ಎಣಿಸುತ್ತೇವೆ, ಇಂಗ್ಲಿಷಿನಲ್ಲಿ ಎಲ್ಲಿ ಒತ್ತಿ ಹೇಳುತ್ತಾರೆ ಅನ್ನುವುದನ್ನು ಎಣಿಸುತ್ತಾರೆ. ಅಪ್ಪ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ಸಾನೆಟ್ಟಿನ ಸಾಲಿನಲ್ಲಿರುವ ಐದು ಒತ್ತು ಹಿಡಿಯುವವರೆಗೂ ಬಿಡಲಿಲ್ಲ.

ಮಾದರಿ ಪರೀಕ್ಷೆಗಳನ್ನು ಮನೆಯಲ್ಲಿ ಬರೆಯಲು ಆಗುತ್ತಿರಲಿಲ್ಲ. ಮದುವೆಗೆ ಬರಲಾಗದವರು ಹೊಸ ಸೊಸೆಯನ್ನು ನೋಡಲು ಒಬ್ಬೊಬ್ಬರೇ ಬರುತ್ತಿದ್ದರು. ತೊಂಬತ್ತು ನಿಮಿಷ ಬಾಗಿಲು ಹಾಕಿಕೊಂಡು ಕೂತರೆ ‘ಅಮೆರಿಕದಿಂದ ಬಂದು ಜಂಬ’ ಎಂದುಕೊಳ್ಳುತ್ತಾರೆ. ಹಾಗಾಗಿ ಪ್ರಶ್ನೆಗಳನ್ನು ಪ್ರಿಂಟ್ ತೆಗೆಸಿ, ಗಡಿಯಾರ ಕಟ್ಟಿಕೊಂಡು ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿ ಬೆಳಗ್ಗೆಯೇ ಜಾಗ ಹಿಡಿದು ಕೂತಿರುವ ಹುಡುಗ ಹುಡುಗಿಯರು ಎಲ್ಲರೂ ಸರ್ಕಾರಿ ಪರೀಕ್ಷೆಗಳಿಗೆ ಓದುವವರು. ಎದುರಿಗೆ ಕೂತಿದ್ದ ಹುಡುಗ ನನ್ನ ಹಾಳೆಯಲ್ಲಿದ್ದ ಗ್ರೀಕ್ ಕಂಬದ ಚಿತ್ರವನ್ನು ಇಣುಕಿ ನೋಡಿದ.

‘ಇದು ಯಾವ ಎಕ್ಸಾಮ್ ಅಕ್ಕಾ?’

ಹೇಳಿದೆ.

‘ನೆಗೆಟಿವ್ ಮಾರ್ಕ್ಸ್ ಇದೆಯಾ?’

‘ಇಲ್ಲ.’

‘ಹಾಗಾದ್ರೆ ಒಂದೂ ಬಿಡ್ಬೇಡಿ. ನಮ್ಗೆ ಕೆಪಿಎಸ್‌ಸಿಲಿ ಒಂದು ತಪ್ಪಿಗೆ ಕಾಲು ಮಾರ್ಕ್ಸ್ ಹೋಗುತ್ತೆ. ನಿಮ್ದು ಆರಾಮು.’

ಅವನು ಹೇಳಿದ್ದು ಸರಿ. ಕ್ಲೆಪ್‌ನಲ್ಲಿ ತಪ್ಪಿಗೆ ಕಳೆಯುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಏನೋ ಒಂದು ಒತ್ತಿ, ಗುರುತು ಹಾಕಿ, ಮುಂದೆ ಹೋಗಬೇಕು. ಆ ಹುಡುಗ ಉತ್ತರ ಹುಡುಕುವ ಮೊದಲು ಆಗದೇ ಇರುವ ಆಯ್ಕೆಗಳನ್ನು ಹೊಡೆದು ಹಾಕುತ್ತಿದ್ದ. ನಾನೂ ಅದನ್ನೇ ಹಿಡಿದೆ. ಪ್ರಶ್ನೆಯಲ್ಲಿ ಹದಿನೆಂಟನೇ ಶತಮಾನ ಅಂದಿದ್ದರೆ ಸಂಗೀತ ರಚನೆಕಾರ ಸ್ಟ್ರಾವಿನ್ಸ್ಕಿಯನ್ನು ಮೊದಲು ತೆಗೆದು ಹಾಕು. ಅವನ ಬ್ಯಾಲೆ ನೋಡಿ ಪ್ಯಾರಿಸ್ಸಿನಲ್ಲಿ ಗಲಾಟೆ ಆದದ್ದು 1913ರಲ್ಲಿ.

ಪರೀಕ್ಷೆ ಬರೆಯುವುದರಿಂದಲೇ ಕಲಿಯುತ್ತೇವೆ ಅನ್ನುವುದಕ್ಕೆ ಪುರಾವೆಯೂ ಇದೆ. ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದಾಗ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದುವ ಬದಲು ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಪುಸ್ತಕ ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಮದುವೆ ಮನೆಯಲ್ಲಿ ಎದುರು ಬಂದವರ ಮುಖ ಚೆನ್ನಾಗಿ ಗೊತ್ತಿದ್ದೂ ಹೆಸರು ಬಾಯಿಗೆ ಬರುವುದಿಲ್ಲವಲ್ಲ, ಹಾಗೆ. ಹೆಸರು ಕೂಗಿ ಕರೆಯಬೇಕಾದಾಗಲೇ ಗೊತ್ತಾಗುವುದು.

ಆದರೆ ಒಂದೇ ಮಾದರಿ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆಯುವುದು ದಂಡ. ಎರಡನೇ ಸಲಕ್ಕೆ ಪ್ರಶ್ನೆಯ ಬದಲು ಉತ್ತರದ ಜಾಗವೇ ನೆನಪಿರುತ್ತದೆ. ಒಂದು ಬರೆದ ಮೇಲೆ ವಾರಗಟ್ಟಲೆ ಅದರ ತಪ್ಪುಗಳ ಮೇಲೆ ಕೆಲಸ ಮಾಡಿ, ಆಮೇಲೆ ಹೊಸದೊಂದನ್ನು ತೆಗೆಯುತ್ತಿದ್ದೆ. ಕಾಲೇಜ್ ಬೋರ್ಡ್‌ನವರ ಸ್ವಂತ ಮಾದರಿಯನ್ನು ಕೊನೆಗೆಂದು ಮುಟ್ಟದೆ ಎತ್ತಿಟ್ಟಿದ್ದೆ. ಹೊರಗಿನವರು ಮಾಡಿದ ಪ್ರಶ್ನೆಗಳಲ್ಲಿ ಇಸವಿ ಜಾಸ್ತಿ, ಚಿತ್ರ ಕಮ್ಮಿ. ಅಸಲಿ ಪರೀಕ್ಷೆಯ ತೂಕ ಬೇರೆ.

ಈಗ ಆ ಉಳಿದ ಇಪ್ಪತ್ತರ ವಿಷಯ. ಎಂದೂ ನೋಡದ ಚಿತ್ರ ಕೊಟ್ಟರೆ ಏನು ಹೇಳುವುದು? ಇದಕ್ಕೆ ಕಾರ್ಡೂ ಇಲ್ಲ, ಪಟ್ಟಿಯೂ ಇಲ್ಲ. ನೋಡುವುದನ್ನು ಕಲಿಯಬೇಕು, ಅಷ್ಟೆ. ಹಾಸನದಲ್ಲಿ ಕೂತು ಓದಿದ್ದಕ್ಕೆ ನನಗೆ ನಿಜವಾದ ಲಾಭ ಆದದ್ದು ಇಲ್ಲಿ.

ಹೊಸ ದಂಪತಿಯನ್ನು ಕರೆದುಕೊಂಡು ಬೇಲೂರು, ಹಳೇಬೀಡಿಗೆ ಹೋಗುವುದು ನಮ್ಮ ಮನೆಯಲ್ಲಿ ಹೇಗೂ ಇದ್ದದ್ದೇ. ಸ್ಕೂಲಿನಿಂದ ಎಷ್ಟೋ ಸಲ ಹೋಗಿದ್ದೇನೆ, ಗೈಡ್ ಹೇಳಿದ್ದಕ್ಕೆ ತಲೆಯಾಡಿಸಿದ್ದೇನೆ. ಈ ಸಲ ತಲೆಯಲ್ಲಿ ಅಥೆನ್ಸಿನ ಹಳೆಯ ಗ್ರೀಕ್ ದೇವಾಲಯ ಪಾರ್ಥೆನಾನ್ ಇತ್ತು. ಹಳೇಬೀಡಿನ ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು, ಅದರ ಮೇಲೆ ಮತ್ತೊಂದು ಸಾಲು, ಮೇಲೆ ಮೇಲೆ ಹೋದಂತೆ ರಾಮಾಯಣ, ಮಹಾಭಾರತದ ಕಥೆ. ಪಾರ್ಥೆನಾನ್‌ನಲ್ಲೂ ಹೀಗೇ ಗೋಡೆ ಸುತ್ತುವ ಶಿಲ್ಪಪಟ್ಟಿ ಇದೆ, 160 ಮೀಟರ್ ಉದ್ದದ್ದು, ಅಥೆನ್ಸಿನ ಜನರ ಮೆರವಣಿಗೆ. ಅದು ಇರುವುದು ಗೋಡೆಯ ತಲೆಯ ಮೇಲೆ, ಕತ್ತೆತ್ತಿ ನೋಡಬೇಕು. ನಮ್ಮದು ಕಣ್ಣಿನ ಮಟ್ಟಕ್ಕೆ, ನಡೆಯುತ್ತಾ ಓದಬಹುದು. ಇನ್ನೊಂದು: ಬೇಲೂರಾಗಲಿ ಪಾರ್ಥೆನಾನ್ ಆಗಲಿ ನಿಂತಿರುವುದು ಕಂಬ ಮತ್ತು ತೊಲೆಯ ಮೇಲೆ. ತೊಲೆ ಕಲ್ಲಿನದಾದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ದೂರ ಇಟ್ಟರೆ ಕಲ್ಲು ಮುರಿಯುತ್ತದೆ. ಪುಸ್ತಕದಲ್ಲಿ ಈ ಸಾಲನ್ನು ಓದಿದ್ದೆ. ಬೇಲೂರಿನ ನವರಂಗದಲ್ಲಿ ಕಂಬಗಳ ನಡುವೆ ಒತ್ತಿಕೊಂಡು ಹೋಗುವಾಗ ಮೈಗೆ ಗೊತ್ತಾಯಿತು.

ಹಾಗಾದರೆ ದೊಡ್ಡ ಖಾಲಿ ಜಾಗ ಬೇಕಿದ್ದರೆ? ಅದಕ್ಕೆ ಕಮಾನು ಬೇಕು. ಅದನ್ನೂ ಇಲ್ಲೇ ನೋಡಬಹುದು. ಶೆಟ್ಟಿಹಳ್ಳಿಯ ಹಾಳು ಚರ್ಚು ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿಗೆ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ನಾವು ಹೋದಾಗ ನೀರು ಆಗಲೇ ಏರುತ್ತಿತ್ತು. ಎಲ್ಲರೂ ಫೋಟೊ ತೆಗೆಯುವುದರಲ್ಲಿದ್ದರು. ನಾನು ಕಮಾನುಗಳ ತುದಿ ನೋಡುತ್ತಿದ್ದೆ. ತುದಿ ಚೂಪಾಗಿದ್ದರೆ ಗಾಥಿಕ್, ಗುಂಡಗಿದ್ದರೆ ಅದಕ್ಕೂ ಹಿಂದಿನ ರೋಮನೆಸ್ಕ್. ಪ್ಯಾರಿಸ್ ಹತ್ತಿರದ ಸಾಂ ದೆನಿ ಚರ್ಚಿನ ಹೊಸ ಭಾಗ 1144ರಲ್ಲಿ ತೆರೆದರು, ಗಾಥಿಕ್ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಬೇಲೂರಿನ ಚೆನ್ನಕೇಶವ 1117. ಅಂದರೆ ಇಪ್ಪತ್ತೇಳು ವರ್ಷದ ಅಂತರದಲ್ಲಿ ಅಲ್ಲಿ ಆ ಕಮಾನುಗಳು ಎದ್ದವು. ಅಪ್ಪನ ಜೋಡಿಗಳ ಪಟ್ಟಿಗೆ ಇದನ್ನು ಸೇರಿಸಿದವಳು ನಾನು.

ಚಿತ್ರಗಳಿಗೂ ಇದೇ ಕ್ರಮ ಇಟ್ಟುಕೊಂಡೆ. ರಾತ್ರಿ ಮಲಗುವ ಮೊದಲು ಗೊತ್ತಿಲ್ಲದ ಒಂದು ಚಿತ್ರ ತೆಗೆದು, ಹೆಸರು ಮುಚ್ಚಿ, ಜೋರಾಗಿ ಮಾತಾಡುವುದು. ಬೆಳಕು ಎಲ್ಲಿಂದ ಬರುತ್ತಿದೆ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಕುಂಚದ ಗುರುತು ಕಾಣುತ್ತದೋ ಇಲ್ಲವೋ, ಜನ ನಿಂತಿದ್ದಾರೋ ನುಗ್ಗುತ್ತಿದ್ದಾರೋ. ಕತ್ತಲ ನಡುವೆ ಒಂದು ಕಡೆಯಿಂದ ಬೆಳಕು ಬಿದ್ದಿದ್ದರೆ ಕಾರವಾಜ್ಜೊ ಇರಬಹುದು, ಅಥವಾ ಅವನನ್ನು ಹಿಂಬಾಲಿಸಿದ ಯಾರೋ. ಹೆಸರು ತಪ್ಪಾದರೂ ಕಾಲ ಸರಿ ಬರುತ್ತಿತ್ತು. ಪರೀಕ್ಷೆಗೆ ಬಹಳ ಸಲ ಅಷ್ಟು ಸಾಕು.

ಸಿನಿಮಾ, ನೃತ್ಯಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಕುರೋಸಾವಾ, ಐಸೆನ್‌ಸ್ಟೈನ್, ಚೈಕೋವ್ಸ್ಕಿಯ ಬ್ಯಾಲೆಗಳು, ಇಂಥ ಒಂದು ಹಿಡಿ ಕಾರ್ಡಿನಲ್ಲಿ ಮುಗಿಸಿದೆ. ಸಂಗೀತವನ್ನು ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಫ್ಯೂಗ್ ಅಂದರೆ ಒಂದೇ ಸ್ವರಮಾಲೆಯನ್ನು ಒಬ್ಬರ ಹಿಂದೆ ಒಬ್ಬರು ಎತ್ತಿಕೊಳ್ಳುವುದು ಎಂದು ಹತ್ತು ಸಲ ಓದಿದರೂ ಹತ್ತದ್ದು, ಬಾಖ್‌ನದೊಂದು ಕೇಳಿದಾಗ ಹತ್ತಿತು.

ಟೆಕ್ಸಾಸ್‌ಗೆ ಮರಳಿ ಒಂದು ಕಾಲೇಜಿನ ಕೇಂದ್ರದಲ್ಲಿ ಪರೀಕ್ಷೆ ಬರೆದೆ. ಗುರುತಿನ ಚೀಟಿ ತೋರಿಸಿ, ಫೋನು ಲಾಕರಿನಲ್ಲಿ ಇಟ್ಟು, ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಮೊದಲ ಸುತ್ತಿನಲ್ಲಿ ಗೊತ್ತಿದ್ದಕ್ಕೆಲ್ಲ ಒತ್ತಿದೆ, ಎರಡನೇ ಸುತ್ತಿನಲ್ಲಿ ಗುರುತು ಹಾಕಿದ್ದಕ್ಕೆ ಮರಳಿದೆ. ಕೆಲವು ಪ್ರಶ್ನೆಗಳು ಅಂಕಕ್ಕೆ ಲೆಕ್ಕವಿಲ್ಲದ ಪ್ರಯೋಗದ ಪ್ರಶ್ನೆಗಳು. ಯಾವುವು ಎಂದು ಹೇಳುವುದಿಲ್ಲ. ವಿಚಿತ್ರವಾದದ್ದು ಬಂದಾಗಲೆಲ್ಲ ‘ಇದು ಅದೇ ಇರಬೇಕು’ ಎಂದುಕೊಂಡು ಧೈರ್ಯ ತಂದುಕೊಂಡೆ. ಮುಗಿಸಿದ ತಕ್ಷಣ ಪರದೆಯ ಮೇಲೆ ಅಂಕ ಬಂತು: 61. ಇದು ನೂರಕ್ಕಲ್ಲ, 20ರಿಂದ 80ರವರೆಗಿನ ಅಳತೆ. ಸಾಮಾನ್ಯವಾಗಿ 50 ಬಂದರೆ ಪಾಸು.

ಪಾಸಾಗದಿದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಬರೆಯಬಹುದು. ನನಗಂತೂ ಅಂಕಪಟ್ಟಿಯಲ್ಲಿ ಕ್ರೆಡಿಟ್ ಎಂದು ಮಾತ್ರ ಬಂತು. ಎ, ಬಿ ಅನ್ನುವ ಗ್ರೇಡ್ ಇಲ್ಲ, ಹಾಗಾಗಿ ಜಿಪಿಎ ಏರಲೂ ಇಲ್ಲ, ಇಳಿಯಲೂ ಇಲ್ಲ. ಜಿಪಿಎ ಏರಿಸಿಕೊಳ್ಳಬೇಕು ಅನ್ನುವವರು ದುಡ್ಡು ಕೊಟ್ಟು ಕ್ಲಾಸಿಗೇ ಕೂರುವುದು ಒಳ್ಳೆಯದು. ನನಗೆ ಬೇಕಿದ್ದದ್ದು ಮೂರು ಕ್ರೆಡಿಟ್, ಅದು ಬಂತು. ಅಪ್ಪನಿಗೆ ಫೋನ್ ಮಾಡಿದರೆ ಅವರು ಅಂಕ ಕೇಳುವ ಮೊದಲು ಕೇಳಿದ್ದು, ಯೂರಿಪಿಡೀಸ್ ಬಂದಿದ್ದನಾ ಎಂದು. ಬಂದಿರಲಿಲ್ಲ.